ಲಾಭದ ಪ್ರಶ್ನೆ ಎರಡನೆಯದು

"ಏನ್ ಕೆಲಸ ನಿಮ್ದು?" ಅಂತ ಯಾರಾದರೂ ಕೇಳಿದರೆ "ಸಾಫ್ಟ್‌ವೇರ್" ಅಂದು ಮುಗಿಸಿಬಿಡುವುದು ನನಗೆ ರೂಢಿ. ಮುಂದುವರಿದು "ಯಾವ ಆಪ್?" ಅಂದವರ ಹತ್ತಿರ ಮಾತ್ರ ತಡವರಿಸುತ್ತೇನೆ. ನಾನು ಆಪ್ ಬರೆಯುವವಳಲ್ಲ. ನೀವು ಬರೆದ ಪ್ರೋಗ್ರಾಮನ್ನು ಚಿಪ್‌ಗೆ ಅರ್ಥವಾಗುವ ಭಾಷೆಗೆ ಇಳಿಸುವ ಕಂಪೈಲರ್ ಇದೆಯಲ್ಲ, ಅದರ ಹೊಟ್ಟೆಯೊಳಗೆ ಕೆಲಸ. ನಿಮ್ಮ ಕೋಡನ್ನು ನಿಮಗೆ ಗೊತ್ತಾಗದ ಹಾಗೆ ಅಳಿಸಿ, ಜರುಗಿಸಿ, ಮಡಚಿ, ಅದು ಮೊದಲಿಗಿಂತ ಬೇಗ ಓಡುವ ಹಾಗೆ ಮಾಡುವುದು. ಕೆಲಸ ಚೆನ್ನಾಗಿ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ನಾವು ಕೆಲಸ ಮಾಡುವುದು ಎಲ್‌ಎಲ್‌ವಿಎಂ ಎಂಬ ಚೌಕಟ್ಟಿನ ಮೇಲೆ. 2000ನೇ ಇಸವಿಯಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಕ್ರಮ್ ಆಡ್ವೆ ಎಂಬ ಪ್ರಾಧ್ಯಾಪಕರು ಮತ್ತು ಅವರ ವಿದ್ಯಾರ್ಥಿ ಕ್ರಿಸ್ ಲ್ಯಾಟ್ನರ್ ಶುರು ಮಾಡಿದ ಸಂಶೋಧನೆ ಅದು. 2003ರಲ್ಲಿ ಮೊದಲ ಬಿಡುಗಡೆ. ಇವತ್ತು ಐಫೋನಿನ ಸ್ವಿಫ್ಟ್ ಇರಲಿ, ರಸ್ಟ್ ಇರಲಿ, ಕ್ಲ್ಯಾಂಗ್ ಮೂಲಕ ಸಾಗುವ ಸಿ ಪ್ಲಸ್ ಪ್ಲಸ್ ಇರಲಿ, ಎಲ್ಲವೂ ಇದರ ಹೊಟ್ಟೆ ಹೊಕ್ಕೇ ಹೊರಗೆ ಬರುತ್ತವೆ. ಯಾವ ಭಾಷೆಯಲ್ಲಿ ಬರೆದಿದ್ದರೂ ಮೊದಲು ಒಂದು ನಡುವಿನ ರೂಪಕ್ಕೆ ಬರುತ್ತದೆ. ಐಆರ್ ಅಂತ ಕರೆಯುತ್ತೇವೆ. ಆ ಐಆರ್ ಅನ್ನು ಒಂದು ಉದ್ದೇಶ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಓದುವ ಒಂದೊಂದು ಸುತ್ತಿಗೆ 'ಪಾಸ್' ಅಂತ ಹೆಸರು. ಇಂಥ ಹತ್ತಾರು ಪಾಸುಗಳು ಸಾಲಾಗಿ ಓಡುತ್ತವೆ.

ಪಾಸ್ ಬರೆಯುವುದು ನೋಡಲಿಕ್ಕೆ ಸುಲಭ. ಒಂದು ಕ್ಲಾಸ್, ಅದರೊಳಗೆ 'ರನ್' ಎಂಬ ಒಂದು ಫಂಕ್ಷನ್. ಪ್ಲಗಿನ್ ಮಾಡಿ 'ಆಪ್ಟ್' ಎಂಬ ಟೂಲಿಗೆ ಕೊಟ್ಟರೆ ಓಡುತ್ತದೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮೊದಲ ದಿನವೇ ಪ್ರೋಗ್ರಾಮಿನ ಫಂಕ್ಷನ್‌ಗಳ ಹೆಸರು ಮುದ್ರಿಸುವ ಪಾಸ್ ಬರೆದು ಖುಷಿಪಡುತ್ತಾರೆ. ಕಷ್ಟ ಇರುವುದು ಎರಡನೇ ವಾರದಲ್ಲಿ, ಏನನ್ನಾದರೂ ಬದಲಾಯಿಸಲು ಹೊರಟಾಗ.

ಪಾಸುಗಳಲ್ಲಿ ಎರಡು ಜಾತಿ. ಒಂದು ಅನಾಲಿಸಿಸ್, ಅಂದರೆ ಬರೀ ನೋಡುವುದು. ಈ ಮೌಲ್ಯ ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ಬಳಕೆಯಾಯಿತು, ಈ ಲೂಪ್ ಎಷ್ಟು ಸಲ ತಿರುಗುತ್ತದೆ, ಈ ಸಾಲನ್ನು ದಾಟದೆ ಆ ಸಾಲಿಗೆ ಹೋಗಲಿಕ್ಕೆ ದಾರಿ ಇದೆಯಾ ಅಂತ. ಯಾವುದನ್ನೂ ಮುಟ್ಟುವುದಿಲ್ಲ. ಇನ್ನೊಂದು ಟ್ರಾನ್ಸ್‌ಫಾರ್ಮ್. ಅದು ಮುಟ್ಟುತ್ತದೆ, ಅಳಿಸುತ್ತದೆ, ಜಾಗ ಬದಲಿಸುತ್ತದೆ. ಹೀಗೆ ನೋಡುವ ಕೆಲಸಕ್ಕೆ ಒಂದು ಗಟ್ಟಿಯಾದ ಗಣಿತದ ಅಡಿಪಾಯ ಹಾಕಿದವರಲ್ಲಿ ಗ್ಯಾರಿ ಕಿಲ್ಡಾಲ್ ಒಬ್ಬರು. ಅವರ ಲೇಖನ ಬಂದದ್ದು 1973ರಲ್ಲಿ. ಐಬಿಎಂನ ಫ್ರಾನ್ಸಿಸ್ ಆಲೆನ್ ಅದಕ್ಕೂ ಮೊದಲಿನಿಂದ ಇದೇ ಹಾದಿಯಲ್ಲಿದ್ದರು. 2006ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಪಾಸುಗಳ ಸಾಲಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ದೊಡ್ಡ ತಲೆನೋವು. ಇದನ್ನು ಅಡಿಕೆ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಸೊರಬ ತಾಲ್ಲೂಕು. ಎಳೆಯ ಹಸಿ ಅಡಿಕೆಯನ್ನು ಮೊದಲು ಸುಲಿದು, ಚೊಗರಿನಲ್ಲಿ ಬೇಯಿಸಿ, ಆಮೇಲೆ ಒಣಗಿಸಿದರೆ ಕೆಂಪಡಿಕೆ. ಹಣ್ಣಾದ ಅಡಿಕೆಯನ್ನು ಸಿಪ್ಪೆ ಸಮೇತ ನಲವತ್ತು ದಿನ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಅದೇ ಸುಲಿಯುವುದು, ಅದೇ ಒಣಗಿಸುವುದು, ಹಿಂದುಮುಂದಾದರೆ ಬೇರೆಯೇ ಮಾಲು, ಬೇರೆಯೇ ರೇಟು. ನಮ್ಮಲ್ಲಿ ವ್ಯತ್ಯಾಸ ಇಷ್ಟೆ: ಪಾಸುಗಳ ಸಾಲು ಹೇಗೇ ಬದಲಾಗಲಿ, ವೇಗ ಬದಲಾಗಬಹುದು, ಮಾಲು ಬದಲಾಗಕೂಡದು. ಪ್ರೋಗ್ರಾಮ್ ಬರೆದವರು ಏನು ಉತ್ತರ ಬಯಸಿದ್ದರೋ ಅದೇ ಬರಬೇಕು.

ಹಾಗಾಗಿ ಪ್ರತಿ ಟ್ರಾನ್ಸ್‌ಫಾರ್ಮ್ ಪಾಸ್ ತನ್ನನ್ನು ತಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ. ಇದನ್ನು ಮಾಡುವುದು ಸರಿಯಾ? ಇದನ್ನು ಮಾಡಿದರೆ ಲಾಭವಾ? ಇದೇ ಕ್ರಮದಲ್ಲಿ. ಮೊದಲನೆಯದಕ್ಕೆ ನಿಖರವಾಗಿ 'ಹೌದು' ಅಂತ ಉತ್ತರ ಬರದಿದ್ದರೆ ಎರಡನೆಯದನ್ನು ಕೇಳುವ ಹಾಗೇ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ಕೋಡ್ ಗೊತ್ತಿಲ್ಲದವರೂ ಹೆದರಬೇಡಿ. ನಾಲ್ಕು ಹುಡುಗರ ಅಂಕ ಸಾಲಾಗಿ ಇದೆ: 10, 20, 5, 30. ಎಲ್ಲರಿಗೂ ಗ್ರೇಸ್ ಅಂಕ ಕೂಡಿಸಬೇಕು. ಗ್ರೇಸ್ ಎಷ್ಟು ಅನ್ನುವುದು ಮೆಮೊರಿಯಲ್ಲಿ ಒಂದು ಕಡೆ ಇದೆ, ಅದರ ವಿಳಾಸ ನಮಗೆ ಕೊಟ್ಟಿದ್ದಾರೆ. ಪ್ರೋಗ್ರಾಮ್ ಪ್ರತಿ ಹುಡುಗನಿಗೂ ಹೊಸದಾಗಿ ಆ ವಿಳಾಸಕ್ಕೆ ಹೋಗಿ ಗ್ರೇಸ್ ಓದಿಕೊಂಡು ಬರುತ್ತದೆ. ದಡ್ಡತನ ಅನ್ನಿಸುತ್ತದಲ್ಲವಾ? ಒಂದೇ ಸಲ ಓದಿ ಕೈಯಲ್ಲಿಟ್ಟುಕೊಂಡರೆ ಮುಗಿಯಿತು. ಲೂಪಿನೊಳಗಿನ ಕೆಲಸವನ್ನು ಲೂಪಿನಿಂದ ಆಚೆಗೆ ಎತ್ತಿಡುವ ಈ ಪಾಸ್ ಬಹಳ ಹಳೆಯದು, ಬಹಳ ಉಪಯೋಗದ್ದು.

ಆದರೆ ಗ್ರೇಸಿನ ವಿಳಾಸವೂ ಮೂರನೇ ಹುಡುಗನ ಅಂಕದ ವಿಳಾಸವೂ ಒಂದೇ ಆಗಿದ್ದರೆ? ಮೊದಲಿನವನಿಗೆ 15, ಎರಡನೆಯವನಿಗೆ 25, ಮೂರನೆಯವನಿಗೆ 10. ಇಷ್ಟೊತ್ತಿಗೆ ಗ್ರೇಸೇ 5ರಿಂದ 10 ಆಗಿಬಿಟ್ಟಿದೆ. ನಾಲ್ಕನೆಯವನಿಗೆ 40. ಮೊದಲೇ ಓದಿ ಕೈಯಲ್ಲಿ ಇಟ್ಟುಕೊಂಡಿದ್ದರೆ ಅವನಿಗೆ ಬರುತ್ತಿದ್ದದ್ದು 35. ಯಾವುದು ನ್ಯಾಯ ಅನ್ನುವುದು ನಮ್ಮ ಪ್ರಶ್ನೆ ಅಲ್ಲ. ಬರೆದ ಪ್ರೋಗ್ರಾಮಿನ ಅರ್ಥ 40 ಅಂತಿದ್ದರೆ 40ನ್ನೇ ಕೊಡಬೇಕು.

ಬೇರೆ ಬೇರೆ ಹೆಸರಿನ ಎರಡು ವಿಳಾಸಗಳು ಒಂದೇ ಜಾಗವನ್ನು ತೋರಿಸುತ್ತವೆಯಾ ಅಂತ ಹುಡುಕುವುದಕ್ಕೆ ಏಲಿಯಾಸ್ ಅನಾಲಿಸಿಸ್ ಅನ್ನುತ್ತಾರೆ. ಎಲ್‌ಎಲ್‌ವಿಎಂನಲ್ಲಿ ಅದು ನಾಲ್ಕು ಉತ್ತರಗಳಲ್ಲಿ ಒಂದನ್ನು ಕೊಡುತ್ತದೆ: ಖಂಡಿತ ಬೇರೆ, ಖಂಡಿತ ಒಂದೇ, ಸ್ವಲ್ಪ ಭಾಗ ಒಂದರ ಮೇಲೊಂದು ಬಂದಿದೆ, ಇರಬಹುದು. ನಿಜ ಜೀವನದ ಕೋಡಿನಲ್ಲಿ ಮತ್ತೆ ಮತ್ತೆ ಎದುರಾಗುವುದು ಈ ಕೊನೆಯ 'ಇರಬಹುದು'. ಆಗ ಪಾಸ್ ಏನು ಮಾಡಬೇಕು? ಏನೂ ಮಾಡಬಾರದು. ಕೈ ಕಟ್ಟಿಕೊಂಡು ಮುಂದಿನ ಫಂಕ್ಷನ್‌ಗೆ ಹೋಗಬೇಕು. ನಾನು ಬರೆದ ಪಾಸುಗಳಲ್ಲಿ ಬದಲಾವಣೆ ಮಾಡುವ ಸಾಲುಗಳಿಗಿಂತ ಸುಮ್ಮನೆ ವಾಪಸ್ ಹೋಗುವ ಸಾಲುಗಳೇ ಜಾಸ್ತಿ. ಇದು ಇಲ್ಲದಿದ್ದರೆ ವಾಪಸ್, ಅದು ಗೊತ್ತಿಲ್ಲದಿದ್ದರೆ ವಾಪಸ್, ಹೀಗೆ ಏಳೆಂಟು ಬಾಗಿಲು ದಾಟಿ ಬಂದ ಮೇಲೆ ಕೊನೆಯಲ್ಲಿ ಹತ್ತು ಸಾಲಿನ ಅಸಲಿ ಕೆಲಸ.

ಇಷ್ಟೆಲ್ಲ ಮಡಿ ಯಾಕೆ ಅಂದರೆ, ಇಲ್ಲಿ ಜಾರಿದರೆ ತಪ್ಪು ಕಾಣಿಸುವುದು ಬೇರೆಯವರ ಮನೆಯಲ್ಲಿ. 2009ರಲ್ಲಿ ಲಿನಕ್ಸ್ ಕರ್ನಲ್‌ನಲ್ಲಿ ಒಂದು ಪ್ರಸಂಗ ನಡೆಯಿತು. ಒಂದು ಡ್ರೈವರ್ ಕೋಡಿನಲ್ಲಿ ಪಾಯಿಂಟರನ್ನು ಮೊದಲು ಬಳಸಿ, ಮುಂದಿನ ಸಾಲಿನಲ್ಲಿ "ಇದು ಖಾಲಿಯಾ?" ಅಂತ ಪರೀಕ್ಷೆ ಇತ್ತು. ಜಿಸಿಸಿ ಕಂಪೈಲರ್ ತರ್ಕ ಮಾಡಿತು: ಈಗಾಗಲೇ ಬಳಸಿದ್ದಾರೆ ಅಂದಮೇಲೆ ಖಾಲಿ ಇರಲು ಸಾಧ್ಯವಿಲ್ಲ, ಹಾಗಾದರೆ ಈ ಪರೀಕ್ಷೆ ದಂಡ. ಅಳಿಸಿಬಿಟ್ಟಿತು. ಸಿ ಭಾಷೆಯ ನಿಯಮದ ಪ್ರಕಾರ ಅದು ಮಾಡಿದ್ದು ಸರಿಯೇ. ಆದರೆ ಆ ಅಳಿಸಿದ ಸಾಲಿನ ಜಾಗದಿಂದ ದಾಳಿಕೋರರಿಗೆ ಇಡೀ ಸಿಸ್ಟಮ್ಮಿನೊಳಗೆ ಬರುವ ದಾರಿ ಸಿಕ್ಕಿತು. ಆಮೇಲೆ ಕರ್ನಲ್‌ನವರು ಆ ಆಪ್ಟಿಮೈಸೇಶನ್ನನ್ನೇ ಆರಿಸಿಟ್ಟು ಕಂಪೈಲ್ ಮಾಡತೊಡಗಿದರು. 2011ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಸಿಸ್ಮಿತ್ ಎಂಬ ಟೂಲ್ ಬಗ್ಗೆ ಬರೆದರು. ಅದು ಮನಸ್ಸಿಗೆ ಬಂದ ಹಾಗೆ ಸಿ ಪ್ರೋಗ್ರಾಮುಗಳನ್ನು ಹುಟ್ಟಿಸಿ ಬೇರೆ ಬೇರೆ ಕಂಪೈಲರ್‌ಗಳಿಗೆ ತಿನ್ನಿಸಿ ಉತ್ತರ ಹೋಲಿಸುತ್ತದೆ. ಅಷ್ಟರೊಳಗೆ ಅವರು ವರದಿ ಮಾಡಿದ್ದ ಹೊಸ ಬಗ್‌ಗಳು 325ಕ್ಕೂ ಹೆಚ್ಚು. ಜಗತ್ತೇ ನಂಬಿಕೊಂಡಿರುವ ಕಂಪೈಲರ್‌ಗಳಲ್ಲಿ!

ಹಾಗಂತ ಲಾಭದ ಪ್ರಶ್ನೆ ಸಣ್ಣದೇನಲ್ಲ. ಒಂದು ಫಂಕ್ಷನ್ ಅನ್ನು ಕರೆದ ಜಾಗಕ್ಕೇ ತಂದು ಸೇರಿಸಿದರೆ ಕರೆಯುವ ಖರ್ಚು ಉಳಿಯುತ್ತದೆ. ಆದರೆ ಕೋಡ್ ದಪ್ಪವಾಗಿ ಕ್ಯಾಶ್‌ನಲ್ಲಿ ಹಿಡಿಸದೆ ಮೊದಲಿಗಿಂತ ನಿಧಾನ ಆಗಲೂಬಹುದು. ಇದಕ್ಕೆ ಕಾಸ್ಟ್ ಮಾಡೆಲ್ ಅಂತ ಒಂದು ಅಂದಾಜಿನ ಪಟ್ಟಿ ಇರುತ್ತದೆ. ಅಂದಾಜು ತಪ್ಪಿದರೆ ವೇಗ ಕಮ್ಮಿಯಾಗುತ್ತದೆ, ಅಷ್ಟೆ. ಉತ್ತರ ತಪ್ಪಾಗುವುದಿಲ್ಲ. ಲಾಭದಲ್ಲಿ ಅಂದಾಜು ನಡೆಯುತ್ತದೆ, ಸರಿತಪ್ಪಿನಲ್ಲಿ ನಡೆಯುವುದಿಲ್ಲ.

ಬೆಂಗಳೂರಿನ ಐಐಎಸ್‌ಸಿಯಲ್ಲಿ ಈ ವಿದ್ಯೆಗೆ ಒಳ್ಳೆಯ ಪರಂಪರೆಯೇ ಇದೆ. ಅಲ್ಲಿನ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ಕೈಪಿಡಿ 2002ರಲ್ಲಿ ಬಂತು. ಈಗ ಅಲ್ಲಿ ಪಾಠ ಮಾಡುವ ಉದಯ್ ಬೊಂಧುಗುಲ ತಮ್ಮ ಪಿಎಚ್‌ಡಿ ಕಾಲದಲ್ಲಿ ಮಾಡಿದ ಪ್ಲೂಟೋ ಎಂಬ ಟೂಲ್ ನನಗೆ ಬಹಳ ಇಷ್ಟ. 2008ರ ಕೆಲಸ ಅದು. ಲೂಪುಗಳೊಳಗೆ ಯಾವ ಲೆಕ್ಕ ಯಾವ ಲೆಕ್ಕಕ್ಕಾಗಿ ಕಾಯುತ್ತಿದೆ ಎಂಬುದನ್ನು ಮೊದಲು ಗಣಿತದ ಅಸಮಾನತೆಗಳಾಗಿ ಬರೆದುಕೊಳ್ಳುತ್ತದೆ. ಆ ಬೇಲಿಯೊಳಗೆ ಬರುವ ಜೋಡಣೆಗಳಲ್ಲಿ ಮಾತ್ರ ಒಳ್ಳೆಯದನ್ನು ಆರಿಸುತ್ತದೆ. ಬೇಲಿ ಮೊದಲು, ಆಯ್ಕೆ ಆಮೇಲೆ.

ಇದೆಲ್ಲ ಆಫೀಸಿನ ಮಾತು. ಹೋದ ವರ್ಷ ಇದು ನಮ್ಮ ಮನೆಗೂ ಬಂತು.

ನಮ್ಮದು ಕೆರೆಯ ಕೆಳಗಿನ ಎರಡು ಎಕರೆ ಗದ್ದೆ. ಕೆರೆಯ ನೀರು ಮೊದಲು ನಮ್ಮ ಗದ್ದೆಗೆ ಇಳಿಯುತ್ತದೆ, ಮಡಿಯಿಂದ ಮಡಿಗೆ ಸರಿದು ಕೆಳಗಿನವರ ಗದ್ದೆಗೆ, ಅಲ್ಲಿಂದ ಹಳ್ಳ, ಹಳ್ಳದಿಂದ ದಂಡಾವತಿ. ಅಪ್ಪ ಹೋದ ಮೇಲೆ ಪಹಣಿಯಲ್ಲಿ ಅಮ್ಮ, ಅಣ್ಣ, ನಾನು ಮೂವರ ಹೆಸರೂ ಬಂತು. ಗದ್ದೆ ತೆಗೆದು ಅಡಿಕೆ ಹಾಕುವುದು ಅಂತ ಅಣ್ಣ ತೀರ್ಮಾನಿಸಿದ. ಬ್ಯಾಂಕಿನ ಸಾಲಕ್ಕೆ ನನ್ನ ಸಹಿ ಬೇಕಿತ್ತು.

ಅಣ್ಣನ ಲೆಕ್ಕದಲ್ಲಿ ಹುಳುಕಿರಲಿಲ್ಲ. ಶಿಕಾರಿಪುರ ದಾಟಿ ಶಿರಾಳಕೊಪ್ಪದ ಮೇಲೆ ಊರಿಗೆ ಬರುವಾಗ ಬಸ್ಸಿನ ಕಿಟಕಿಯಲ್ಲೇ ಕಾಣುತ್ತದೆ, ನಾವು ಚಿಕ್ಕವರಿದ್ದಾಗ ಭತ್ತ ತೂಗುತ್ತಿದ್ದ ಎಷ್ಟೋ ಬಯಲುಗಳಲ್ಲಿ ಈಗ ಅಡಿಕೆ ಸಸಿಗಳ ಸಾಲು. "ನಾಟಿಗೆ ಜನ ಎಲ್ಲಿದಾರೆ ಮಾರಾಯ್ತಿ? ಕೂಲಿ, ಗೊಬ್ಬರ, ಕಟಾವಿನ ಮಿಷನ್ನು ಎಲ್ಲ ಕಳೆದರೆ ಉಳಿಯೋದು ಹುಲ್ಲು ಮಾತ್ರ. ನೀನು ಬೆಂಗಳೂರಲ್ಲಿ ಕೂತು ಗದ್ದೆ ಚಂದ ಅಂತೀಯ. ಇಲ್ಲಿ ಕೆಸರಲ್ಲಿ ನಿಲ್ಲೋನು ನಾನು" ಅಂದ. ಅಡಿಕೆಗೆ ಕೊಳೆ ಇದೆ, ಎಲೆಚುಕ್ಕಿ ಇದೆ, ಫಲ ಬರಲಿಕ್ಕೆ ಐದಾರು ವರ್ಷ ಬೇಕು, ಎಲ್ಲ ಅವನಿಗೂ ಗೊತ್ತು. ಅದೆಲ್ಲ ಲಾಭದ ಪ್ರಶ್ನೆ, ಅಂದಾಜಿನ ಮಾತು. ಅದನ್ನು ಅವನೇ ಹಾಕಬೇಕು, ನಾನಲ್ಲ. ಗದ್ದೆ ಉಳಿಯಲೇಬೇಕು ಎಂಬ ಹಟವೂ ನನಗಿರಲಿಲ್ಲ.

ನನಗಿದ್ದದ್ದು ಮೊದಲನೇ ಪ್ರಶ್ನೆ. ಗದ್ದೆ ನೀರು ಹಿಡಿದು ನಿಲ್ಲಿಸುವ ಜಾಗ. ಅಡಿಕೆಯ ಬುಡದಲ್ಲಿ ನೀರು ನಿಲ್ಲಬಾರದು. ಹಾಗಾಗಿ ತೋಟ ಮಾಡುವಾಗ ಆಳದ ಬಸಿಗಾಲುವೆ ಹೊಡೆಯುತ್ತಾರೆ. ಇಷ್ಟು ದಿನ ಮಡಿಯಿಂದ ಮಡಿಗೆ ನಿಧಾನ ಇಳಿಯುತ್ತಿದ್ದ ನೀರು ಆಗ ಒಂದೇ ಓಟಕ್ಕೆ ಕೆಳಗೆ ಹೋಗುತ್ತದೆ. ಪಹಣಿಯಲ್ಲಿ ನಮ್ಮದು ಒಂದು ಸರ್ವೆ ನಂಬರ್, ಕೆಳಗಿನವರದ್ದು ಇನ್ನೊಂದು. ಕಾಗದ ನೋಡಿದರೆ ಖಂಡಿತ ಬೇರೆ ಬೇರೆ. ನೀರಿನ ಕಡೆಯಿಂದ ನೋಡಿದರೆ? ಹೆಸರು ಎರಡು, ಜಾಗ ಒಂದೇ ಇರಬಹುದು. ಇಲ್ಲಿ ನಾವು ಬರೆದದ್ದು ಅಲ್ಲಿ ಬದಲಾಗಬಹುದು.

ಈ 'ಇರಬಹುದು' ಯಾವ ಆಫೀಸಿನ ಕಡತದಲ್ಲೂ ಇರಲಿಲ್ಲ. ಇದ್ದದ್ದು ಅಮ್ಮನ ತಲೆಯಲ್ಲಿ. ಅಣ್ಣ, ನಾನು ಮಾತಾಡುವುದನ್ನು ಕೇಳುತ್ತ ಅಡಿಕೆ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಆಷಾಢದಲ್ಲಿ ಬಡಗಲ ಮೂಲೆ ತುಂಬ್ತದೆ ಮಗಾ. ಅಲ್ಲಿಂದ ಎರಡು ಕಡೆ ಕಂಡಿ ಕಡೀಬೇಕು, ಒಂದೇ ಕಡೆ ಕಡಿದ್ರೆ ಕೆಳಗಿನವರ ಬದು ಹೋಗ್ತದೆ. ದಸರಾ ಹೊತ್ತಿಗೆ ಕಂಡಿ ಮುಚ್ಚಿ, ಒಂದನ್ನ ಮಾತ್ರ ಬಿಡ್ಬೇಕು. ಅವರ ಭತ್ತ ಆಗ ಹಾಲು ತುಂಬೋ ಕಾಲ." ನಲವತ್ತು ಮಳೆಗಾಲ ಕೊಡೆ ಹಿಡಿದು ನಿಂತು ಮಾಡಿದ ಅನಾಲಿಸಿಸ್ ಅದು. ಯಾವುದನ್ನೂ ಬದಲಾಯಿಸದೆ ಬರೀ ನೋಡಿದ್ದು.

ಕೆಳಗಿನ ಗದ್ದೆಯವರನ್ನು ನಾವು ಮಾವ ಅನ್ನುವುದು, ಬಳಕೆಯಿಂದ. ಅಣ್ಣನೂ ನಾನೂ ಅವರ ಮನೆಗೆ ಹೋದೆವು. ಚಾ ಕುಡಿಯುತ್ತ ವಿಷಯ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತ್ವಾಟ ಮಾಡು ತಮಾ, ನಾನು ಬ್ಯಾಡ ಅನ್ನಾಕಾಗ್ತದಾ. ದಸರಾ ಆದ್ಮ್ಯಾಲೆ ಹದಿನೈದು ದಿನ ನೀರು ಬರ್ಬೇಕು ನಂಗೆ. ಅಷ್ಟಾದ್ರೆ ಸಾಕು" ಅಂದರು. ಅಷ್ಟಾಗದಿದ್ದರೆ ಅವರ ವರ್ಷದ ಊಟ ಹೋಗುತ್ತದೆ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

'ಇರಬಹುದು' ಅಂತ ಉತ್ತರ ಬಂದಾಗಲೆಲ್ಲ ಕಂಪೈಲರ್ ಕೈ ಕಟ್ಟಿ ಕೂರುವುದಿಲ್ಲ, ಇನ್ನೊಂದು ಉಪಾಯವೂ ಇದೆ. ಒಂದೇ ಲೂಪಿನ ಎರಡು ಪ್ರತಿ ಇಟ್ಟುಕೊಳ್ಳುತ್ತದೆ, ಒಂದು ವೇಗದ್ದು, ಇನ್ನೊಂದು ಹಳೆಯದು. ಪ್ರೋಗ್ರಾಮ್ ಓಡುವ ಹೊತ್ತಿನಲ್ಲಿ ಎರಡು ಜಾಗಗಳು ಒಂದರ ಮೇಲೊಂದು ಬರುತ್ತಿವೆಯಾ ಅಂತ ಪರೀಕ್ಷಿಸುತ್ತದೆ. ಬರದಿದ್ದರೆ ವೇಗದ ದಾರಿ, ಬಂದರೆ ಹಳೇ ದಾರಿ. ಪರೀಕ್ಷೆಗೆ ಖರ್ಚಿದೆ, ಕೋಡೂ ದೊಡ್ಡದಾಗುತ್ತದೆ. ಆದರೂ ಎಲ್‌ಎಲ್‌ವಿಎಂನ ಲೂಪ್ ವೆಕ್ಟರೈಸರ್ ಈ ಖರ್ಚನ್ನು ಒಪ್ಪಿಕೊಂಡೇ ಕೆಲಸ ಮಾಡುತ್ತದೆ.

ನಾನು ಅಣ್ಣನಿಗೆ ಇದನ್ನು ಹೀಗೆ ಹೇಳಲಿಲ್ಲ, ಹೇಳಿದ್ದರೆ ನಗುತ್ತಿದ್ದ. ಕಾಗದದ ಮೇಲೆ ಗೆರೆ ಹಾಕಿ ತೋರಿಸಿದೆ. ಕೆರೆ ಪಕ್ಕದ ಒಂದು ಎಕರೆ ಮಾತ್ರ ಈ ಸಲ ತೋಟ. ಕೆಳಗಿನ ಎಕರೆ ಗದ್ದೆಯಾಗಿಯೇ ಇರಲಿ. ಪೂರ್ವದ ಅಂಚಿನಲ್ಲಿ ಬೇರೆಯದೇ ಒಂದು ಕಾಲುವೆ, ಆಳವಿಲ್ಲದ್ದು, ಬಾಯಿಗೆ ಹಲಗೆ ಇಟ್ಟು ಮುಚ್ಚಿ ತೆರೆಯುವ ಹಾಗೆ, ಕೆರೆಯ ನೀರು ತೋಟ ಮುಟ್ಟದೆ ನೇರ ಕೆಳಗೆ ಹೋಗಲಿಕ್ಕೆ. ಒಂದು ಮಳೆಗಾಲ ನೋಡುವುದು. "ಒಂದು ಸಾಲು ಸಸಿಯ ಜಾಗ ಹೋಯ್ತಲ್ಲೇ" ಅಂತ ಅವನು ಗೊಣಗಿದ. ಹೋಯಿತು, ಸುಳ್ಳಲ್ಲ. ಜೆಸಿಬಿಯ ಬಾಡಿಗೆ ಅರ್ಧ ದಿನ ಹೆಚ್ಚಾಯಿತು, ಅದೂ ಸುಳ್ಳಲ್ಲ. ಸಾಲ ಮಾತ್ರ ಅರ್ಧಕ್ಕೆ ಇಳಿಯಿತು. ಸಹಿ ಹಾಕಿದೆ.

ನಮ್ಮ ಕೆಲಸದ ಇನ್ನೊಂದು ನಿಯಮ ಹೇಳಿ ಮುಗಿಸುತ್ತೇನೆ. ಎಲ್‌ಎಲ್‌ವಿಎಂನಲ್ಲಿ ಪಾಸ್ ಓಡಿ ಮುಗಿದ ಮೇಲೆ ಒಂದು ಉತ್ತರ ಕೊಟ್ಟು ಹೋಗಬೇಕು. ನೀನು ಏನು ಬದಲಿಸಿದೆ ಅಂತ ಅದನ್ನು ಯಾರೂ ಕೇಳುವುದಿಲ್ಲ. ಮೊದಲಿಂದ ಗೊತ್ತಿದ್ದ ವಿಷಯಗಳಲ್ಲಿ ಈಗಲೂ ನಿಜವಾಗಿ ಉಳಿದದ್ದು ಯಾವುದು ಅಂತ ಕೇಳುತ್ತಾರೆ. ಪ್ರಿಸರ್ವ್ಡ್ ಅನಾಲಿಸಿಸ್ ಅಂತ ಅದರ ಹೆಸರು. ಏನೂ ಮುಟ್ಟದಿದ್ದರೆ "ಎಲ್ಲವೂ ಉಳಿದಿದೆ" ಅನ್ನಬಹುದು. ದಾರಿಗಳನ್ನೇ ಬದಲಿಸಿದ್ದರೆ ಹಳೆಯ ತಿಳಿವಳಿಕೆಯನ್ನು ಎಸೆದು ಹೊಸದಾಗಿ ಲೆಕ್ಕ ಮಾಡಬೇಕು. ಕಂಪೈಲರ್‌ನಲ್ಲಿ ಅದಕ್ಕೆ ಕೆಲವು ಮಿಲಿಸೆಕೆಂಡ್ ಸಾಕು. ಊರಲ್ಲಿ ಒಂದು ಮಳೆಗಾಲಕ್ಕೆ ಒಂದೇ ಸಲ ಲೆಕ್ಕ ಸಿಗುವುದು.

ಕಾಲುವೆ ಬಂದ ಮೇಲೆ ಅಮ್ಮನ ಬಡಗಲ ಮೂಲೆ ತುಂಬುತ್ತದೋ ಇಲ್ಲವೋ, ಎರಡು ಕಂಡಿ ಬೇಕೋ ಒಂದು ಸಾಕೋ, ಯಾರೂ ಹೇಳಲಾರರು. ಹಾಗಾಗಿ ಜುಲೈಯಲ್ಲಿ ಒಂದು ವಾರ, ಅಕ್ಟೋಬರಿನಲ್ಲಿ ಒಂದು ವಾರ ರಜೆಗೆ ಬರೆದಿದ್ದೇನೆ. ಅಮ್ಮನ ಜೊತೆ ಗದ್ದೆಯಲ್ಲಿ ನಿಂತು, ನೀರು ಯಾವ ದಿನ ಎಲ್ಲಿಯವರೆಗೆ ಬಂತು ಅಂತ ಬರೆದಿಡಲಿಕ್ಕೆ. ನಾನು ಬರುವುದು ಖಾತ್ರಿಯಾದ ಮೇಲೆ ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೆ: "ಬರುವಾಗ ಎರಡು ಜೊತೆ ಗಂಬೂಟು ತಗೊಂಡು ಬಾ, ನಂದು ಐದನೇ ನಂಬರು. ಹೊಸ ಕಾಲುವೆ ಆಳ ಎಷ್ಟಿದ್ಯೋ ಏನೋ."